ಕೆಂಪು ಅಕ್ಷರ ಕಂಡರಾಗದ ಸೂರ್ಯಕಾಂತ ಸರ್

ಸೂರ್ಯಕಾಂತ ಸರ್ ಲ್ಯಾಪ್‌ಟಾಪ್ ತೆರೆಯುವ ಮೊದಲು ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು ಪರದೆಯನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಒರೆಸುತ್ತಿದ್ದರು. ಒರೆಸುವಾಗ ಅವರ ಮುಖದಲ್ಲಿದ್ದ ಶ್ರದ್ಧೆ ಕೆಲಸದಲ್ಲಿ ಎಂದೂ ಕಾಣಿಸಲಿಲ್ಲ. ಅವರ ಕೈಕೆಳಗೆ ನಾಲ್ಕು ವರ್ಷ ದುಡಿದ ನಾನು ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹೊಟ್ಟೆಕಿಚ್ಚು ಪಡುವಂಥದ್ದು ಅವರಲ್ಲಿ ಏನೂ ಇರಲಿಲ್ಲ.

ಸಂಭಾಜಿನಗರದಲ್ಲಿ ನಮ್ಮದೊಂದು ಸಣ್ಣ ಕಂಪನಿ. ಕಾರ್ಖಾನೆಗಳ ಯಂತ್ರ ನಡೆಸುವ ಪ್ರೋಗ್ರಾಂ ಬರೆದುಕೊಡುವುದು ಕೆಲಸ. ಸರ್ ಕಲಬುರಗಿ ಕಡೆಯವರು, ನಾನು ಬೀದರಿನವನು. ಸಂದರ್ಶನದಲ್ಲಿ ನನ್ನ ಊರು ಕೇಳಿ, "ಹಂಗಾರ ನೀವು ನಮ್ಮ ಮಂದೀನೇ ಬಿಡ್ರಿ" ಎಂದು ಬೆನ್ನು ತಟ್ಟಿದ್ದರು. ಅದರರ್ಥ ತಿಳಿಯಲು ಒಂದು ತಿಂಗಳು ಸಾಕಾಯಿತು. ಅವರ ಕೆಲಸವನ್ನೂ ನಾನೇ ಮಾಡಬೇಕು, ಹೆಸರು ಮಾತ್ರ ಅವರದಾಗಬೇಕು. ಗಿರಾಕಿಗಳ ಮುಂದೆ ಹಿಂದಿ, ಮಾಲೀಕರ ಮುಂದೆ ಮರಾಠಿ, ತಪ್ಪು ಮುಚ್ಚಬೇಕಾದಾಗ ಮಾತ್ರ ಕನ್ನಡ. ಅವರಿಗೆ ಮಾತೃಭಾಷೆ ನೆನಪಾದರೆ ಏನೋ ಕೆಟ್ಟಿದೆಯೆಂದು ನನಗೆ ಗೊತ್ತಾಗುತ್ತಿತ್ತು.

ನಾಶಿಕದ ಹತ್ತಿರ ಈರುಳ್ಳಿ ಹೆಚ್ಚಿ ಒಣಗಿಸುವ ಒಂದು ಘಟಕವಿದೆ. ಅದರ ಹೀಟರು, ಫ್ಯಾನು ನಡೆಸುವ ಪ್ರೋಗ್ರಾಂ ಸರ್ ಸ್ವತಃ ಬರೆದದ್ದು. ಅದನ್ನು ದಿನಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದರು. ಅದರಲ್ಲೊಂದು ಕಿರಿಕಿರಿಯಿತ್ತು. ಸ್ಟಾಪ್ ಒತ್ತಿ ಪ್ರೋಗ್ರಾಂ ಮುಚ್ಚುವಾಗ ಆಗಾಗ ಪರದೆಯ ಕೊನೆಯಲ್ಲಿ ಒಂದು ಕೆಂಪು ಸಾಲು ಮೂಡುತ್ತಿತ್ತು. ಕಾರಣ ಕಷ್ಟದ್ದಲ್ಲ. ಹೀಟರ್ ಆರಿಸುವ ಆಜ್ಞೆಯನ್ನು ಸರ್ ಡಿಸ್ಟ್ರಕ್ಟರಿನಲ್ಲಿ, ಅಂದರೆ ಪ್ರೋಗ್ರಾಂ ಒಳಗಿನ ಒಂದು ವಸ್ತು ಅಳಿಯುವಾಗ ಕೊನೆಗೆ ಓಡುವ ಕೋಡಿನಲ್ಲಿ, ಇಟ್ಟಿದ್ದರು. ಆದರೆ ಪ್ರೋಗ್ರಾಂ ಮುಗಿಯುವಾಗ ಅದನ್ನು ನಡೆಸುವ ಭಾಷೆಯೇ ತನ್ನ ಗಂಟುಮೂಟೆ ಕಟ್ಟತೊಡಗುತ್ತದೆ. ಡಿಸ್ಟ್ರಕ್ಟರಿನ ಸರದಿ ಬರುವಷ್ಟರಲ್ಲಿ ಅದಕ್ಕೆ ಬೇಕಾದ ಸಲಕರಣೆಗಳು ಕೆಲವೊಮ್ಮೆ ಮಾಯವಾಗಿರುತ್ತವೆ. ಆಗ ಆಜ್ಞೆ ಹೋಗುವುದಿಲ್ಲ. ದೋಷ ಬಂದಿತ್ತು, ಕಡೆಗಣಿಸಿದ್ದೇನೆ ಎಂದು ಭಾಷೆ ಆ ಕೆಂಪು ಸಾಲು ಬರೆದು ಕಣ್ಣು ಮುಚ್ಚುತ್ತದೆ.

ನಾನು ಇದನ್ನು ಬಿಡಿಸಿ ಹೇಳಿದಾಗ ಸರ್ ನಕ್ಕರು. "ಭಾಷೆನೇ ಇಗ್ನೋರ್ ಮಾಡೀನಿ ಅಂತೈತಿ, ನಿಮಗ್ಯಾಕ್ರಿ ಅದರ ತ್ರಾಸ? ಆದ್ರ ಆ ಕೆಂಪ ಸಾಲು ಕಾಣಬಾರ್ದು ನೋಡ್ರಿ. ಗಿರಾಕಿ ಮುಂದ ಸ್ಕ್ರೀನ್ ಸ್ವಚ್ಛ ಇರ್ಬೇಕು. ಅದನ್ನಷ್ಟ ತೆಗೀರಿ."

ತೆಗೆದೆ. ಇಲ್ಲಿ ನನ್ನ ತಪ್ಪನ್ನೂ ಮುಚ್ಚಿಡಲಾರೆ. ಭಾಷೆ ಮುಚ್ಚುತ್ತಿದೆಯೇ ಎಂದು ಕೇಳಿ ತಿಳಿಯುವ ಸೌಲಭ್ಯ ಅದರಲ್ಲೇ ಇದೆ. ಹಾಗೆ ಕೇಳುವ ಸಲಕರಣೆಯೂ ಕೊನೆಗಳಿಗೆಯಲ್ಲಿ ಮಾಯವಾಗಬಹುದಾದ್ದರಿಂದ, ಅದನ್ನು ಮೊದಲೇ ಡಿಸ್ಟ್ರಕ್ಟರಿನ ಕೈಯಲ್ಲಿ ಕೊಟ್ಟಿಡಬೇಕು. ಅದನ್ನೆಲ್ಲ ಬಹಳ ಚಂದವಾಗಿ ಮಾಡಿದೆ. ಮುಚ್ಚುತ್ತಿದ್ದರೆ ಏನನ್ನೂ ಮುಟ್ಟದೆ ಸುಮ್ಮನೆ ಹಿಂತಿರುಗು ಎಂದು ಬರೆದೆ. ತೆರೆದ ಫೈಲು, ಹಿಡಿದ ಮೆಮೊರಿ ಇವನ್ನೆಲ್ಲ ಕಂಪ್ಯೂಟರ್ ತಾನೇ ವಾಪಸ್ ಪಡೆಯುತ್ತದೆ. ಅವುಗಳ ಮಟ್ಟಿಗೆ ಅದು ಸರಿಯಾದ ದಾರಿ. ಹೀಟರನ್ನು ಅದು ಆರಿಸುವುದಿಲ್ಲ ಎಂಬುದು ನನ್ನ ಬುದ್ಧಿವಂತ ತಲೆಗೆ ಹೊಳೆಯಲಿಲ್ಲ. ಆಫೀಸಿನಲ್ಲಿ ಹೀಟರ್ ಜೋಡಿಸದೆಯೇ ಪರೀಕ್ಷೆ ಮಾಡಿದೆವು. ಕೆಂಪು ಸಾಲು ಬರಲಿಲ್ಲ. ಸರ್ ಕರವಸ್ತ್ರ ಮಡಚುತ್ತಾ, "ಈಗ ನೋಡ್ರಿ, ಹೆಂಗ ಲಕಲಕ ಅಂತೈತಿ" ಎಂದರು. ಹೊಸ ಕೋಡನ್ನು ಅಂದೇ ನಾಶಿಕಕ್ಕೆ ಕಳಿಸಿದರು.

ಮರುದಿನ ಬೆಳಿಗ್ಗೆ ಫೋನು ಬಂತು. ನಾವು ಹೋಗಿ ನೋಡಿದಾಗ ಟ್ರೇಗಳ ತುಂಬ ಈರುಳ್ಳಿ ಇದ್ದಿಲಾಗಿತ್ತು. ಫ್ಯಾನು ನಿಂತ ಮೇಲೂ ಹೀಟರ್ ಗಂಟೆಗಟ್ಟಲೆ ಉರಿದಿತ್ತು. ಕೊನೆಗೆ ಫ್ಯೂಸ್ ಹಾರಿದ್ದರಿಂದ ಶೆಡ್ಡಿಗೆ ಬೆಂಕಿ ಹತ್ತಿರಲಿಲ್ಲ. ಘಟಕದ ಮಾಲೀಕರು ಕೆಂಡವಾಗಿದ್ದರು. ಪಕ್ಕದಲ್ಲಿ ಹಿಂದಿನ ದಿನದ ಪಾಳಿಯ ಆಪರೇಟರ್ ಸುನಂದಾಬಾಯಿ ಏಪ್ರನ್ ಹಾಕಿಕೊಂಡೇ ನಿಂತಿದ್ದಳು. ಆಳಂದದ ಕಡೆಯಿಂದ ಬಂದು ನಾಶಿಕದಲ್ಲಿ ನೆಲೆಸಿದ ಹೆಂಗಸು. ಎರಡು ಮಕ್ಕಳ ಶಾಲೆ ಆ ಕೆಲಸದ ಮೇಲೇ ನಡೆದಿತ್ತು.

ಸರ್ ಟ್ರೇಗಳನ್ನು ನೋಡಲೂ ಇಲ್ಲ. "ಆಪರೇಟರ್‌ಚೀ ಚೂಕ್", ಆಪರೇಟರಿನದೇ ತಪ್ಪು, ಎಂದರು ಮಾಲೀಕರಿಗೆ. ಸ್ಟಾಪ್ ಒತ್ತದೆ ಮನೆಗೆ ಹೋಗಿದ್ದಾಳೆ, ಒತ್ತಿದ್ದರೆ ದೋಷವೇನಾದರೂ ಪರದೆಯ ಮೇಲೆ ಬರುತ್ತಿತ್ತು, ನೋಡಿ, ಪರದೆ ಸ್ವಚ್ಛವಾಗಿದೆ ಎಂದು ವಿವರಿಸಿದರು. ಅವರ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ಸುನಂದಾಬಾಯಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಒತ್ತೀನ್ರಿ ಸಾಹೇಬ್ರ. ದಿನಾ ಒತ್ತತೀನಿ. ಒಂದೊಂದ ದಿನ ಕೆಂಪ ಅಕ್ಷರ ಬರ್ತಿದ್ವು. ಬಂದ್ರ ಹೀಟರ್ ಆರಿರೂದಿಲ್ಲಂತ ನನಗ ಗೊತ್ತಾಗಿತ್ತು. ಹೋಗಿ ಕೈಲೆ ಮೇನ್ ಸ್ವಿಚ್ ಬಂದ್ ಮಾಡ್ತಿದ್ದೆ. ನಿನ್ನೆ ಅಕ್ಷರ ಬರ್ಲೇ ಇಲ್ರಿ. ಎಲ್ಲಾ ಬರೋಬ್ಬರಿ ಆತು ಅಂದ್ಕೊಂಡು ಮನೀಗಿ ಹೋದೆ."

ಎರಡು ವರ್ಷ ಆ ಶೆಡ್ಡನ್ನು ಬೆಂಕಿಯಿಂದ ಕಾದದ್ದು ಸರ್ ಬರೆದ ಕೋಡಲ್ಲ, ಓದು ಬರಹ ಅಷ್ಟಕ್ಕಷ್ಟೇ ಇದ್ದ ಈ ಹೆಂಗಸಿನ ಕಣ್ಣು. ಅವಳಿಗೆ ಆಸರೆಯಾಗಿದ್ದ ಒಂದೇ ಸಾಲನ್ನು ನಾನು ಅಳಿಸಿ ಹಾಕಿದ್ದೆ.

ಸರ್‌ಗೂ ಅರ್ಥವಾಯಿತು. ಆಗಲೇ ಅವರಿಗೆ ಕನ್ನಡ ನೆನಪಾಯಿತು. "ಸುಮ್ಮನಿರ್ರಿ" ಎಂದರು ನನಗೆ ಮೆಲ್ಲಗೆ. "ಇಕಿ ಹೋದ್ರ ಇನ್ನೊಬ್ಬಾಕಿ ಬರ್ತಾಳ. ಕಾಂಟ್ರಾಕ್ಟ್ ಹೋದ್ರ ಬರ್ತೈತೇನು? ನಾವು ನಾವು ಒಂದ ಮಂದಿ."

ನಾನು ಸುಮ್ಮನಿದ್ದೆ. ಎಷ್ಟು ಹೊತ್ತೆಂದರೆ, ಮಾಲೀಕರು ಅವಳಿಗೆ ಏಪ್ರನ್ ಬಿಚ್ಚಿಡಲು ಹೇಳಿ, ಅವಳು ಹಿಂದಿನ ಗಂಟಿಗೆ ಕೈ ಹಾಕುವವರೆಗೆ. ಆ ನಿಮಿಷಕ್ಕಾಗಿ ನನಗೆ ಇಂದಿಗೂ ನನ್ನ ಮೇಲೆ ಹೇಸಿಗೆಯಿದೆ. ಆಮೇಲೆ ಫ್ಯೂಸ್ ಹಾಕಿಸಿ, ಪ್ರೋಗ್ರಾಂ ಶುರು ಮಾಡಿ, ಮಾಲೀಕರ ಕೈಯಿಂದಲೇ ಸ್ಟಾಪ್ ಒತ್ತಿಸಿದೆ. ಪರದೆ ಸ್ವಚ್ಛವಾಗಿ ಮುಚ್ಚಿತು. ಹೀಟರಿನ ದೀಪ ಉರಿಯುತ್ತಲೇ ಇತ್ತು. "ತಪ್ಪು ಇವರದಲ್ಲ, ನಮ್ಮದು" ಎಂದು ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ.

ಸುನಂದಾಬಾಯಿಯ ಕೆಲಸ ಉಳಿಯಿತು. ಸ್ಟಾಪ್ ಒತ್ತಿದೊಡನೆ ಮೊದಲು ಹೀಟರ್ ಆರಿ, ಆರಿದ್ದು ಖಾತ್ರಿಯಾದ ಮೇಲಷ್ಟೇ ಪ್ರೋಗ್ರಾಂ ಮುಚ್ಚುವಂತೆ ಬರೆದುಕೊಟ್ಟೆ. ಡಿಸ್ಟ್ರಕ್ಟರಿಗೆ ಆ ಹೊಣೆ ಇಡಲಿಲ್ಲ. ಸರ್ ಅವಳ ಹೆಸರನ್ನೂ ಕೇಳಲಿಲ್ಲ. ವಾಪಸ್ ಬರುವಾಗ ದೌಲತಾಬಾದಿನ ಕೋಟೆ ಕಾಣುವ ಹೊತ್ತಿಗೆ ಕಾರಿನಲ್ಲಿ, "ಹೊಸಾ ಕೋಡಿನ್ಯಾಗ ಕೆಂಪ ಸಾಲೇನೂ ಬರಂಗಿಲ್ಲಲ್ರಿ?" ಎಂದು ಕೇಳಿದರು. ಕೆಲ ತಿಂಗಳಲ್ಲಿ ಇನ್ನೂ ದೊಡ್ಡ ಕಂಪನಿಗೆ, ಇನ್ನೂ ದೊಡ್ಡ ಹುದ್ದೆಗೆ ಹೋದರು. ಅಂಥವರಿಗೆ ಜಾಗದ ಕೊರತೆಯಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಕಳೆದ ವರ್ಷ, ಸಂಭಾಜಿನಗರದ ಒಂದು ಉಡುಪಿ ಹೋಟೆಲಿನಲ್ಲಿ. ಇಬ್ಬರು ಹೊಸ ಇಂಜಿನಿಯರುಗಳಿಗೆ ಪಾಠ ನಡೆದಿತ್ತು. ಡಿಸ್ಟ್ರಕ್ಟರನ್ನು ನಂಬಬೇಡಿ ಎಂಬುದು ಅವರು ಮೊದಲಿನಿಂದ ಹೇಳುತ್ತಾ ಬಂದ ಮಾತಂತೆ; ಹಿಂದೆ ನಾಶಿಕದಲ್ಲಿ ಆಪರೇಟರ್ ಹೆಂಗಸೊಬ್ಬಳು ಸ್ಟಾಪ್ ಒತ್ತುವುದನ್ನೇ ಮರೆತು ಎಲ್ಲ ಸುಟ್ಟಾಗ, ಅವರೇ ಕಂಪನಿಯ ಮಾನ ಉಳಿಸಿದರಂತೆ.

"ಆಕಿ ಒತ್ತಿದ್ಲ್ರಿ ಸರ್" ಎಂದೆ, ಅವರ ಟೇಬಲ್ಲಿನ ಹತ್ತಿರ ಹೋಗಿ. "ಸುನಂದಾಬಾಯಿ ಸ್ಟಾಪ್ ಒತ್ತಿದ್ಲು."

ಸರ್ ನನ್ನ ಗುರುತು ಹಿಡಿದು ನಕ್ಕರು. "ಯಾರ್ರಿ ಸುನಂದಾಬಾಯಿ?"

ಅದು ನಟನೆಯಲ್ಲ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ನಾನು ಖಾಲಿಯಿದ್ದ ಕುರ್ಚಿ ಎಳೆದು ಕುಳಿತು, ಆ ಇಬ್ಬರಿಗೆ ಅವಳು ಯಾರೆಂದು ಹೇಳತೊಡಗಿದೆ. ನನ್ನ ಮಾತು ಮುಗಿಯುವ ಮೊದಲೇ ಸರ್ ಎದ್ದು ಹೋದರು.