ಅಜ್ಜಿ ಇದ್ದ ಮಕ್ಕಳ ಮನೆ

ನನ್ನ ಅಕ್ಕನನ್ನು ಈ ಬೀದಿಯವರೆಲ್ಲ ‘ಮಕ್ಕಳ ಅಕ್ಕ’ ಎನ್ನುತ್ತಾರೆ. ಅವಳಿಗೆ ಸ್ವಂತ ಮಕ್ಕಳಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮಧ್ಯದಲ್ಲಿ ಯಾರಾದರೂ ಕೇಳುತ್ತಾರೆ, ನನಗೆ ಸಿಟ್ಟು ಬರುತ್ತದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕ ಹೇಳುತ್ತಾಳೆ. ಇಡೀ ದಿನ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂರುವವಳ ಬಾಯಿ ಮೃದುವಾಗಿರಬೇಕು ಎಂದರೆ ಹೇಗೆ ಸ್ವಾಮಿ? ನನ್ನ ಅಂಗಡಿ ಅವಳ ಮನೆಯ ಎದುರಿಗೇ ಇದೆ. ಹಾಗಾಗಿ ಆದದ್ದೆಲ್ಲ ನನ್ನ ಕಣ್ಣೆದುರೇ ಆಯಿತು.

ಭಾವ ಲಾರಿ ರಿಪೇರಿ ಮಾಡುತ್ತಿದ್ದರು. ಒಂದು ದಿನ ಜಾಕ್ ಜಾರಿತು, ಭಾವ ಮನೆಗೆ ಬರಲಿಲ್ಲ. ಮನೆಯಲ್ಲಿ ಉಳಿದವರು ಅಕ್ಕ ಮತ್ತು ಅವಳ ಅತ್ತೆ. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎನ್ನುವವರು ಈ ಇಬ್ಬರನ್ನು ಬಂದು ನೋಡಬೇಕಿತ್ತು. ಆ ವರ್ಷವೆಲ್ಲ ಅತ್ತೆ ತಮ್ಮ ಮಂಚ ಬಿಟ್ಟು ಅಕ್ಕನ ಪಕ್ಕ ನೆಲದ ಮೇಲೆ ಮಲಗಿದರು. ಮಗನನ್ನು ಕಳೆದುಕೊಂಡ ಹೆಂಗಸು ಸೊಸೆಗೆ ಅನ್ನ ಕಲಸಿ ಕೈತುತ್ತು ಕೊಟ್ಟರು. ನಮ್ಮ ಹೆತ್ತಮ್ಮ ಕೂಡ ಅಷ್ಟು ಮಾಡುತ್ತಿದ್ದಳೋ ಇಲ್ಲವೋ, ನಾನು ಆಣೆ ಮಾಡಿ ಹೇಳಲಾರೆ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಕೆಲವು ವರ್ಷಗಳಲ್ಲಿ ಅತ್ತೆಗೆ ಮರೆವು ಹಿಡಿಯಿತು. ಮೊದಮೊದಲು ಕನ್ನಡಕ, ಬೀಗದ ಕೈ. ಆಮೇಲೆ ಉರಿಯುವ ಒಲೆ. ಆಮೇಲೆ ತಮ್ಮ ಮನೆಯ ಬಾಗಿಲು ಯಾವುದು ಎಂಬುದೇ ಮರೆತು ಮುಖ್ಯ ರಸ್ತೆಯವರೆಗೆ ನಡೆದು ಹೋಗಿದ್ದರು. ಅಕ್ಕನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಅವಳು ಕೆಲಸಕ್ಕೆ ಹೋದಾಗ ಅತ್ತೆಯನ್ನು ನನ್ನ ಅಂಗಡಿಯಲ್ಲಿ ಕೂರಿಸಿಕೊಂಡು ನೋಡಿದೆ. ಗುಂಡುಪಿನ್ನುಗಳನ್ನು ಒಂದೊಂದಾಗಿ ಆರಿಸಿ ಬಾಯಿಗಿಟ್ಟುಕೊಳ್ಳುತ್ತಿದ್ದರು. ಮಿಷನ್ ಬಿಟ್ಟು ಎದ್ದು, ಅವರ ಬಾಯಿಂದ ಪಿನ್ನು ತೆಗೆಯುವುದೇ ನನ್ನ ಕೆಲಸವಾಯಿತು.

ವೃದ್ಧಾಶ್ರಮಕ್ಕೆ ಸೇರಿಸು ಎಂದು ಆಗ ಅವಳಿಗೆ ಹೇಳದವರೇ ಇಲ್ಲ. ಅಕ್ಕ ಯಾರ ಮಾತಿಗೂ ಎದುರಾಡುವವಳಲ್ಲ. ಆದರೆ ಈ ಒಂದು ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ತಾನು ಬದುಕಿರುವವರೆಗೆ ಅತ್ತೆ ಈ ಮನೆಯಲ್ಲೇ ಇರಬೇಕು ಎಂಬುದು ಅವಳ ಹಟ. ಹೊರಗೆ ಹೋಗಿ ದುಡಿದರೆ ಅತ್ತೆ ಒಬ್ಬರೇ ಆಗುತ್ತಾರೆ, ದುಡಿಯದೆ ಇದ್ದರೆ ಇಬ್ಬರೂ ಉಪವಾಸ. ಹಾಗಾಗಿ ಕೆಲಸವನ್ನೇ ಮನೆಗೆ ತರಿಸಿಕೊಳ್ಳುತ್ತೇನೆ ಎಂದಳು. ತಾಯಂದಿರು ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವುದು, ಅತ್ತೆಯೂ ಆ ಗದ್ದಲದ ನಡುವೆ ಇರುವುದು. ಹುಚ್ಚು ಹಿಡಿದಿದೆಯಾ ನಿನಗೆ ಎಂದು ಬೈದೆ. ಬೈದು, ಹೋಗಿ ಹತ್ತಿಯ ಬಟ್ಟೆ ಕೊಂಡು ತಂದು ಪುಟ್ಟ ಹಾಸಿಗೆಗಳನ್ನು ಹೊಲಿಯಲು ಕೂತೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದ ಕತೆ ನಮ್ಮದು, ಒಂದು ಮಗುವೂ ಗೊತ್ತಾಗಿರಲಿಲ್ಲ.

ಮನೆ ಎಂದರೆ ಮುಂದೊಂದು ಕೋಣೆ, ಹಿಂದೊಂದು ಕೋಣೆ, ಅಡುಗೆಮನೆ, ಬಚ್ಚಲು. ಬಡಗಿ ಬಂದು ಅಡುಗೆಮನೆಗೆ ಸೊಂಟದೆತ್ತರದ ಅರ್ಧ ಬಾಗಿಲು ಹಾಕಿದ. ಪ್ಲಗ್ಗಿನ ತೂತುಗಳಿಗೆ ಮುಚ್ಚಳ ಬಂತು. ಫಿನಾಯಿಲ್, ಸೋಪಿನ ಪುಡಿ, ಚಾಕು, ಕತ್ತರಿ, ಅತ್ತೆಯ ಮಾತ್ರೆ ಡಬ್ಬಿ, ಎಲ್ಲವೂ ಅಟ್ಟದ ಮೇಲೆ ಹೋದವು. ಮಂಚದ ಮೂಲೆಗಳಿಗೆ ನಾನು ಹಳೆ ಕಂಬಳಿಯ ತುಂಡು ಮಡಚಿ ಹೊಲಿದು ಕಟ್ಟಿದೆ. ನೆಲದ ಮೇಲೆ ಅಕ್ಕ ತಾನೇ ಅಂಬೆಗಾಲಿಟ್ಟು ಹೋಗಿ ನೋಡಿದಳು, ಮಗುವಿನ ಕಣ್ಣಿಗೆ ಏನೇನು ಕಾಣುತ್ತದೆ ಎಂದು. ಕಪಾಟಿನ ಅಡಿಯಲ್ಲಿ ಭಾವನ ಕಾಲದ ಒಂದು ನಟ್ಟು ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದಳು.

ಪರವಾನಗಿ ಕೊಡುವ ಕಚೇರಿಯಿಂದ ಒಬ್ಬ ಮೇಡಂ ಬಂದರು. ಗೋಡೆಗೆ ಪ್ರಾಣಿಗಳ ಚಿತ್ರ ಬರೆಸಿ, ಬಣ್ಣದ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಹೊರಗೆ ಫಲಕ ತೂಗುಹಾಕಿ ಎಂದೆಲ್ಲ ಹೇಳಿದರು. ಅಕ್ಕ ತಲೆಯಾಡಿಸಿದಳು, ಯಾವುದನ್ನೂ ಮಾಡಲಿಲ್ಲ. ಮಕ್ಕಳು ಶಾಲೆಗೆ ಹೇಗೂ ಹೋಗುತ್ತವೆ, ಅಲ್ಲಿಯವರೆಗೆ ಮನೆಯಲ್ಲೇ ಇರಲಿ ಎನ್ನುವುದು ಅವಳ ಲೆಕ್ಕ. ಮೂಲೆಯಲ್ಲಿ ಕೂತಿದ್ದ ಅತ್ತೆಯನ್ನು ತೋರಿಸಿ ಇವರು ಯಾರು ಎಂದು ಮೇಡಂ ಕೇಳಿದರು. ಮನೆಯವರು ಎಂದಳು ಅಕ್ಕ. ಮಕ್ಕಳನ್ನು ಅವರೊಬ್ಬರ ಕೈಗೆ ಬಿಡಬೇಡಿ ಎಂದು ಹೇಳಿ ಮೇಡಂ ಪರವಾನಗಿ ಕೊಟ್ಟರು.

ಮಕ್ಕಳು ಬಂದವು. ಬ್ಯಾಂಕಿನವರ ಅವಳಿ ಗಂಡುಮಕ್ಕಳು, ಒಂದು ಅತ್ತರೆ ಇನ್ನೊಂದು ಯಾಕೆ ಏನು ಎಂದು ಕೇಳದೆ ಶುರುಮಾಡುತ್ತಿತ್ತು. ಟೀಚರ ಮಗಳು, ಹೆಸರಿಗೆ ಮಗು, ಮಾತಿಗೆ ಅಜ್ಜಿ. ಬಸ್ ಕಂಡಕ್ಟರಮ್ಮನ ಮಗಳನ್ನು ನಾವು ಚಿನಕುರಳಿ ಎಂದು ಕರೆಯುತ್ತಿದ್ದೆವು, ಎರಡು ತುಂಬಿ ಮೂರಕ್ಕೆ ಬಿದ್ದಿತ್ತು, ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಆ ಕಂಡಕ್ಟರಮ್ಮನಿಗೆ ಗಂಡ ಇದ್ದೂ ಇಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಮಗುವನ್ನು ಬಿಟ್ಟು, ಸಂಜೆ ಎಲ್ಲರೂ ಹೋದ ಮೇಲೆ ಓಡೋಡಿ ಬರುತ್ತಿದ್ದಳು.

ಅಲ್ಲಿ ಆಟದ ಸಾಮಾನು ಎಂದು ಬೇರೆ ಇರಲಿಲ್ಲ. ಒಗೆದ ಕಾಲುಚೀಲಗಳಿಗೆ ಜೊತೆ ಹುಡುಕುವುದು, ಬಟಾಣಿ ಸುಲಿಯುವುದು, ಚಮಚ ಒರೆಸಿಡುವುದು. ಅತ್ತೆಯೂ ಅವರ ನಡುವೆ ಕೂತು ಸುಲಿದರು. ಸುಲಿದ ಕಾಳನ್ನು ಸಿಪ್ಪೆಗೆ, ಸಿಪ್ಪೆಯನ್ನು ಕಾಳಿಗೆ ಹಾಕಿದರೆ ಟೀಚರ ಮಗಳು ಗದರುತ್ತಿದ್ದಳು, ಇವರು ಕಿಸಕ್ಕೆಂದು ನಗುತ್ತಿದ್ದರು. ಅಂಥ ನಗುವನ್ನು ಭಾವ ಹೋದ ಮೇಲೆ ನಾವು ಕೇಳಿರಲಿಲ್ಲ. ರಸ್ತೆಗೆ ಹೋಗುವುದು ನಿಂತಿತು, ಹೊತ್ತಿಗೆ ಸರಿಯಾಗಿ ಉಣ್ಣತೊಡಗಿದರು. ನಾನು ಎದುರಿನ ಅಂಗಡಿಯಿಂದ ನೋಡಿ, ಅಕ್ಕ ಗೆದ್ದಳು ಎಂದುಕೊಂಡೆ. ನನಗೆ ನಿಜಕ್ಕೂ ಸಂತೋಷವಾಗಿತ್ತು.

ಒಂದೇ ಕಷ್ಟ, ಮಾತ್ರೆ. ಅತ್ತೆಗೆ ಸಕ್ಕರೆ ಕಾಯಿಲೆ, ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಮಾತ್ರೆ ನುಂಗಲೇಬೇಕು. ನುಂಗು ಎಂದರೆ ಹಲ್ಲು ಕಚ್ಚುತ್ತಿದ್ದರು. ವಿಷ ಹಾಕುತ್ತಿದ್ದಾಳೆ ಎಂದು ಒಮ್ಮೆ ಬೀದಿಗೆ ಕೇಳುವಂತೆ ಕೂಗಿದ್ದರು. ಆಗ ಅಕ್ಕ ಒಂದು ಉಪಾಯ ಮಾಡಿದಳು. ಊಟಕ್ಕೆ ಮೊದಲು ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಸಾಲಿನ ಕೊನೆಗೆ ಅತ್ತೆಯನ್ನೂ ಕೂರಿಸಿ, ಎಲ್ಲರೂ ಕೈ ಚಾಚಿ ಎನ್ನುವಳು. ಪ್ರತಿ ಮಗುವಿನ ಅಂಗೈಗೆ ಒಂದೊಂದು ಒಣದ್ರಾಕ್ಷಿ, ಅತ್ತೆಯ ಅಂಗೈಗೆ ಮಾತ್ರೆ. ಎಲ್ಲರೂ ಒಟ್ಟಿಗೆ ಬಾಯಿಗೆ ಹಾಕಿ ನೀರು ಕುಡಿಯುವುದು. ಸಾಲಿನಲ್ಲಿ ಕೂತರೆ ಅತ್ತೆ ತಕರಾರಿಲ್ಲದೆ ನುಂಗಿ, ಮಕ್ಕಳ ಹಾಗೆಯೇ ಬಾಯಿ ತೆರೆದು ತೋರಿಸುತ್ತಿದ್ದರು. ಅಕ್ಕ ನನಗೆ ಇದನ್ನು ಹೇಳುವಾಗ ಅವಳ ಮುಖ ಅರಳಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಾನೂ ಮೆಚ್ಚಿದೆ.

ಒಂದು ದಿನ ಎಲ್ಲರ ಅಂಗೈಗೂ ಹಾಕಿಯಾದ ಮೇಲೆ ಅವಳಿಯಲ್ಲೊಬ್ಬ ನೀರಿನ ಲೋಟ ಚೆಲ್ಲಿದ. ಅಕ್ಕ ಒರೆಸುವ ಬಟ್ಟೆ ತರಲು ಅರ್ಧ ಬಾಗಿಲು ದಾಟಿದಳು, ತಿರುಗಿ ಬಂದಳು. ಅಷ್ಟೇ. ಎಲ್ಲರೂ ಬಾಯಿ ತೆರೆದು ತೋರಿಸಿದರು, ಎಲ್ಲರ ಬಾಯಿಯೂ ಖಾಲಿ ಇತ್ತು. ಊಟ ಆಯಿತು. ಚಿನಕುರಳಿ ಎರಡು ತುತ್ತಿಗೇ ಸಾಕು ಎಂದಿತು. ಅದು ಎಂದಿನದೇ. ಎಲ್ಲರೂ ಮಲಗಿದರು.

ಉಳಿದವರೆಲ್ಲ ಎದ್ದರೂ ಚಿನಕುರಳಿ ಏಳಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಉಳಿದವರ ಮೂಗು ಹಿಂಡುವ ಮಗು ಅದು. ಅಕ್ಕ ಮುಟ್ಟಿ ನೋಡಿದರೆ ಮೈಯೆಲ್ಲ ಬೆವರು, ತಣ್ಣಗೆ. ತಲೆ ಎತ್ತಿದರೆ ತಲೆ ಒಂದು ಕಡೆ, ಕೈ ಒಂದು ಕಡೆ. ಅವಳು ನನ್ನ ಹೆಸರು ಹಿಡಿದು ಕೂಗಿದ್ದು ಮಿಷನ್ನಿನ ಸದ್ದಿನ ಮೇಲೂ ಕೇಳಿಸಿತು. ನಾನು ಬಂದು ಉಳಿದ ಮಕ್ಕಳ ಬಳಿ ನಿಂತೆ. ಅವಳು ಮಗುವನ್ನು ಎತ್ತಿಕೊಂಡು ಬರಿಗಾಲಲ್ಲಿ ಆಟೋ ಹತ್ತಿದಳು.

ಏನಾಯಿತು ಎಂದು ನನಗೆ ಹೇಳಿದ್ದು ಟೀಚರ ಮಗಳು. ನಾನು ಕೇಳಿರಲೂ ಇಲ್ಲ. ಕಾಲುಚೀಲ ಹಾಕಿಕೊಳ್ಳುತ್ತಾ ತನ್ನಷ್ಟಕ್ಕೆ ಹೇಳಿತು: “ಅವಳು ಅಜ್ಜಿದು ತಿಂದ್ಳು. ಅಜ್ಜಿ ಅವಳದು ತಿಂದ್ರು. ಅದ್ಲುಬದ್ಲು ಮಾಡ್ಕೊಂಡ್ರು.”

ಅಜ್ಜಿಗೆ ದ್ರಾಕ್ಷಿ ಬೇಕಿತ್ತು, ಮಗುವಿಗೆ ಅಜ್ಜಿಗೆ ಮಾತ್ರ ಸಿಗುವ ಆ ಬಿಳಿಯದು ಬೇಕಿತ್ತು. ಇಬ್ಬರೂ ಜಗಳವಾಡದೆ ಬದಲಾಯಿಸಿಕೊಂಡಿದ್ದರು. ಆಸ್ಪತ್ರೆಗೆ ಫೋನು ಮಾಡಿ ಅಕ್ಕನಿಗೆ ಹೇಳಿದೆ. ಡಾಕ್ಟರಿಗೆ ಬೇಕಾಗಿದ್ದುದು ಆ ಒಂದು ಮಾತು. ದೊಡ್ಡವರ ಸಕ್ಕರೆ ಇಳಿಸುವ ಮಾತ್ರೆ ಅಂಥ ಪುಟ್ಟ ಮೈಗೆ ಒಂದೇ ಸಾಕಂತೆ. ಇನ್ನಷ್ಟು ಮಲಗಲು ಬಿಟ್ಟಿದ್ದರೆ ಎಂದು ಹೇಳಹೊರಟ ಡಾಕ್ಟರು ಮಾತನ್ನು ಅಲ್ಲಿಗೇ ನಿಲ್ಲಿಸಿದರಂತೆ.

ಮಗು ಉಳಿಯಿತು. ಕೈಗೆ ಸೂಜಿ ಚುಚ್ಚಿಸಿಕೊಂಡು, ಮತ್ತೆ ಮತ್ತೆ ಮಂಪರಿಗೆ ಜಾರಿ, ಕೊನೆಗೆ ಕಣ್ಣು ಬಿಟ್ಟು ಬಿಸ್ಕತ್ತು ಕೇಳಿತು. ಕಂಡಕ್ಟರಮ್ಮ ಖಾಕಿ ಬಟ್ಟೆಯಲ್ಲೇ ಬಂದವಳು ಆ ಬಟ್ಟೆಯಲ್ಲೇ ಅಲ್ಲಿ ಉಳಿದಳು. ಅಕ್ಕನನ್ನು ಅವಳು ಬೈಯಲಿಲ್ಲ, ಹೊಡೆಯಲಿಲ್ಲ, ಮುಖವನ್ನೂ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಯಲ್ಲಿ ಅತ್ತೆ ಮರುದಿನವೂ ಊಟಕ್ಕೆ ಮೊದಲು ತಾವಾಗಿಯೇ ಹೋಗಿ ಕೂತು ಕೈ ಚಾಚಿದರು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಮೇಡಂ ಮತ್ತೆ ಬಂದರು. ಆ ಹೆಂಗಸು ಕೆಟ್ಟವರೇನಲ್ಲ, ನನಗೆ ಅದೇ ಹೊಟ್ಟೆಯುರಿ. ಜೋರು ಮಾಡಲಿಲ್ಲ, ಕೂತು ನೀರು ಕುಡಿದರು, ಆಮೇಲೆ ಹೇಳಿದರು: ಈ ಮನೆಯಲ್ಲಿ ಮಕ್ಕಳಿರಬಹುದು, ಇಲ್ಲವೇ ಇವರಿರಬಹುದು, ಇಬ್ಬರೂ ಇರುವ ಹಾಗಿಲ್ಲ. ಹಿಂದಿನ ಕೋಣೆಯಲ್ಲಿ ಇರಲಿ ಎಂದು ನಾನು ವಾದಕ್ಕಿಳಿದೆ. ಚಿಲಕ ಹಾಕಿ ಕೂಡಿಹಾಕುತ್ತೀರಾ ಎಂದು ಅವರು ಕೇಳಿದರು. ನಾನು ಅವರ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಭಾವನ ತಂಗಿಗೆ ಫೋನು ಮಾಡಿದೆವು. ಹೆತ್ತ ತಾಯಿಯನ್ನು ಇಷ್ಟು ವರ್ಷ ಒಮ್ಮೆಯೂ ಕರೆದೊಯ್ದು ಇಟ್ಟುಕೊಳ್ಳದ ಮಹಾತಾಯಿ ಅವಳು. ತನ್ನ ಮನೆ ಚಿಕ್ಕದು ಎಂದಳು, ಗಂಡನನ್ನು ಕೇಳಬೇಕು ಎಂದಳು, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೇನೋ ಹೇಳಿದಳು. ಆಶ್ರಮ ಎಂಬ ಮಾತು ಬಂದಾಗ ಮಾತ್ರ ಸ್ವರ ಜೋರಾಯಿತು. ಅಮ್ಮನನ್ನು ಅಲ್ಲಿಗೆ ಹಾಕಿದರೆ ಜನ ಏನನ್ನುತ್ತಾರೆ ಎಂದು ಅತ್ತಳು. ನಾನು ಫೋನು ಕಿತ್ತುಕೊಂಡು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಮನೆಯಲ್ಲಿ ಅಕ್ಕಿ ಡಬ್ಬಿಯ ತಳ ಕಂಡಿತು. ಬಟ್ಟೆ ಒಗೆಯುವ ಕೆಲಸಕ್ಕೆ ಬೇರೆಯವರು ಬಂದಾಗಿತ್ತು. ಅವಳಿಗಳು ದೊಡ್ಡ ಶಿಶುವಿಹಾರಕ್ಕೆ ಹೋದವು. ಒಂದು ಬೆಳಗ್ಗೆ ಕಂಡಕ್ಟರಮ್ಮ ಬಂದು ಬಾಗಿಲಲ್ಲಿ ನಿಂತಳು. ಚಿನಕುರಳಿ ಅಮ್ಮನ ಕೈ ಬಿಡಿಸಿಕೊಂಡು ನೇರ ಒಳಗೆ ಓಡಿ ಅಜ್ಜಿಯ ತೊಡೆಯೇರಿ ಕೂತಿತು. ತಾಯಿ ಬೆಚ್ಚಿಬಿದ್ದವಳಂತೆ ಹೋಗಿ ಮಗುವನ್ನು ಎಳೆದುಕೊಂಡಳು.

“ನಿಮ್ಮ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗುತ್ತೆ ಅಕ್ಕಾ,” ಎಂದಳು. “ಆದ್ರೆ ನಂಗೆ ಬೇರೆ ಯಾರಿದ್ದಾರೆ? ರಜೆ ಮುಗಿದುಹೋಯ್ತು. ನಾಳೆಯಿಂದ ಇವಳನ್ನ ಬಿಡ್ತೀನಿ. ಅವರು ಇರಬಾರದು.”

ಅಕ್ಕ ಅತ್ತೆಯ ಕಡೆ ತಿರುಗಿ ನೋಡಿದಳು. ಆಮೇಲೆ ನಾಳೆ ಬೇಡ, ಸೋಮವಾರ ಕರೆತಾ ಎಂದಳು. ನಾನು ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ? ಆ ತಾಯಿಯನ್ನೋ, ಅಕ್ಕನನ್ನೋ? ಅಂಗಡಿಗೆ ಹೋಗಿ ಮಿಷನ್ ತುಳಿದೆ.

ಆಶ್ರಮ ಊರಾಚೆ ಇದೆ. ಚೊಕ್ಕಟವಾಗಿದೆ, ಸುಳ್ಳು ಹೇಳಬಾರದು. ಉದ್ದನೆಯ ಹಾಲ್, ಸಾಲು ಮಂಚ, ಕಿಟಕಿಗಳಿಗೆ ಪರದೆ. ಅಕ್ಕ ಒಂದು ಚೀಲದಲ್ಲಿ ಟವೆಲು, ಎರಡು ಜೊತೆ ಬಟ್ಟೆ, ನೀರಿನ ಬಾಟಲಿ ಹಾಕಿದ್ದಳು. ಅತ್ತೆ ಅತ್ತು ರಂಪ ಮಾಡುತ್ತಾರೆ ಎಂದು ನಾವಿಬ್ಬರೂ ಹೆದರಿದ್ದೆವು. ಅಲ್ಲಿನ ನರ್ಸು ಬಂದು ಕೈ ಹಿಡಿದಾಗ ಅವರು ಸುಮ್ಮನೆ ಹೊರಟರು. ಬಾಗಿಲವರೆಗೆ ಹೋಗಿ, ಅಕ್ಕ ಅಳುತ್ತಿರುವುದನ್ನು ಕಂಡು ಹಿಂದಕ್ಕೆ ಬಂದು, ಅವಳ ಗಲ್ಲ ಸವರಿದರು.

“ಅಳ್ಬಾರ್ದು ಕಣೇ. ನೀನು ಕೆಲಸಕ್ಕೆ ಹೋಗು. ಸಂಜೆ ಬಂದು ಕರ್ಕೊಂಡ್ಹೋಗು, ಸಾಕು.”

ಬೆಳಗ್ಗೆ ಚೀಲದ ಜೊತೆ ಬಿಟ್ಟುಹೋದವರನ್ನು ಸಂಜೆ ಕರೆದೊಯ್ಯಲು ಯಾರಾದರೂ ಬಂದೇ ಬರುತ್ತಾರೆ. ಬೇರೆಲ್ಲ ಮರೆತ ಆ ಮುದುಕಿಗೆ ಅಕ್ಕನ ಮನೆಯಲ್ಲಿ ಕೂತು ಕೂತು ಅದೊಂದು ಮನದಟ್ಟಾಗಿತ್ತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅಕ್ಕ ನನ್ನ ಹೆಗಲಿಗೆ ಹಣೆ ಒತ್ತಿಕೊಂಡೇ ಇದ್ದಳು.

ಸಂಜೆ ಹೋಗಿ ಬರೋಣವೆಂದರೆ ಅಲ್ಲಿ ಭೇಟಿಯ ಹೊತ್ತು ಕತ್ತಲಾಗುವ ಮೊದಲೇ ಮುಗಿಯುತ್ತದೆ. ಚಿನಕುರಳಿಯ ತಾಯಿ ಬರುವುದು ಕತ್ತಲಾದ ಮೇಲೆ. ಹಾಗಾಗಿ ಅಕ್ಕನಿಗೆ ಸಿಗುವುದು ಭಾನುವಾರ ಒಂದೇ. ಸಂಜೆಯಾದರೆ ಅತ್ತೆ ಗೇಟಿನ ಪಕ್ಕದ ಬೆಂಚಿನಿಂದ ಏಳುವುದಿಲ್ಲ, ಊಟಕ್ಕೆ ಎಬ್ಬಿಸುವುದೇ ಕಷ್ಟ ಎಂದು ನರ್ಸು ಫೋನಿನಲ್ಲಿ ಹೇಳಿದ್ದಳು.

ಮೊದಲ ಭಾನುವಾರ ಬೆಳಗ್ಗೆ ನಾನೂ ಜೊತೆಗೆ ಹೋದೆ. ಅದೇ ಬೆಂಚಿನ ಮೇಲಿದ್ದರು. ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಚೀಲವನ್ನು ತೊಡೆಯ ಮೇಲೆ ತಬ್ಬಿಕೊಂಡಿದ್ದರು. ಅಕ್ಕನನ್ನು ಕಂಡದ್ದೇ ಎದ್ದು ನಿಂತರು. ಮುಖದ ತುಂಬ ಮುನಿಸು.

“ಇಷ್ಟು ಹೊತ್ತಾ ಬರೋದು?” ಎಂದರು. “ಮಕ್ಕಳೆಲ್ಲ ಹೋದ್ವು. ನಾನೊಬ್ಳೇ ಉಳ್ದಿದ್ದೀನಿ.”

ಚೀಲವನ್ನು ಅಕ್ಕನ ಕೈಗೆ ಕೊಟ್ಟು ಗೇಟಿನ ಕಡೆ ನಡೆದರು. ಅಕ್ಕ ಅವರ ತೋಳು ಹಿಡಿದು, ಮೆಲ್ಲಗೆ ತಿರುಗಿಸಿ, ಬೆಂಚಿನ ಮೇಲೆ ಕೂರಿಸಿದಳು. ಆಮೇಲೆ ನೆಲದ ಮೇಲೆ ಕೂತು ಅವರ ಚಪ್ಪಲಿ ಬಿಚ್ಚತೊಡಗಿದಳು.