ಸಮಾಧಿ ತೋಟದಲ್ಲಿ ಸಿಕ್ಕ ಉತ್ತರ

ಆ ಈಸ್ಟರ್ ದಿನ ಬೆಳಗಿನ ಜಾವ ನಾನು ಕೂಗಿದೆ, ಉತ್ತರ ಬಂತು. ನಡೆದದ್ದು ಇಷ್ಟೇ. ಕನಸು ಅಂದವರಿದ್ದಾರೆ, ಕಿವಿ ಕೆಟ್ಟಿದೆ ಅಂದವರಿದ್ದಾರೆ, ದೆವ್ವ ಅಂದವರೂ ಇದ್ದಾರೆ. ಎಲ್ಲರ ಮಾತನ್ನೂ ಕೇಳಿಸಿಕೊಂಡಿದ್ದೇನೆ, ಒಬ್ಬರದನ್ನೂ ಒಪ್ಪಿಲ್ಲ. ಹಾಗಾದರೆ ಅದೇನು ಎಂದು ನೀವು ಕೇಳಿದರೆ ಗೊತ್ತಿಲ್ಲ ಅನ್ನುತ್ತೇನೆ. ಹಾಗೆನ್ನಲು ನನಗೆ ನಾಚಿಕೆಯೇನೂ ಇಲ್ಲ.

ಇಂಥ ಕಥೆ ನಂಬುವ ಹೆಂಗಸು ನಾನಲ್ಲ. ಹುಣಸೆಮರದ ಹತ್ತಿರ ಬಿಳಿ ಸೀರೆ ಕಂಡೆ ಎಂದು ಯಾರಾದರೂ ನಡುಗಿಕೊಂಡು ಬಂದರೆ, ಒಣಗಲು ಹಾಕಿದ್ದು ಗಾಳಿಗೆ ಹಾರಿರಬೇಕು, ಯಾರ ಮನೆಯದೋ ವಿಚಾರಿಸಿ ಕೊಟ್ಟು ಬಾ ಅನ್ನುತ್ತಿದ್ದೆ. ನಮ್ಮ ಅತ್ತೆ ಸತ್ತ ಹೊಸದರಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಓರಗಿತ್ತಿ ಮುಸುಕು ಹಾಕಿಕೊಂಡು ಪ್ರಾರ್ಥನೆ ಶುರು ಮಾಡಿದಳು. ನಾನು ಒನಕೆ ತೆಗೆದುಕೊಂಡು ಹೋಗಿ ಹೆಗ್ಗಣ ಹೊಡೆದು ಬಂದೆ. ಸತ್ತವರಿಗೆ ಪಾತ್ರೆ ಯಾಕೆ ಬೇಕು?

ನಮ್ಮೂರು ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ನಡುವೆ ನಾಲೆಯ ಪಕ್ಕದಲ್ಲಿದೆ. ಊರಿನ ಮುಕ್ಕಾಲು ಪಾಲು ಒಕ್ಕಲಿಗರ ಮನೆಗಳು. ಕ್ರೈಸ್ತರದ್ದು ಏಳೆಂಟು ಮನೆ, ನಮ್ಮ ಮಾವನ ತಂದೆಯ ಕಾಲದಿಂದ. ಒಕ್ಕಲಿಗರಿಗಿರುವ ಹಾಗೆಯೇ ನಮಗೂ ಗದ್ದೆ, ಹಸು, ಡೈರಿಗೆ ಹಾಲು ಹಾಕುವ ಅವಸರ. ಚಿಕ್ಕದೊಂದು ಚರ್ಚಿದೆ. ಅದರ ಹಿಂದಿನ ಕಬ್ಬಿನ ಗದ್ದೆ ದಾಟಿದರೆ ಸಮಾಧಿ ತೋಟ.

ಈಸ್ಟರ್ ದಿನ ಹೊತ್ತು ಹುಟ್ಟುವ ಮುಂಚೆ ನಮ್ಮವರೆಲ್ಲ ಆ ತೋಟದಲ್ಲಿ ಸೇರಬೇಕು. ಹಿಂದಿನ ದಿನವೇ ಗೋರಿಗಳಿಗೆ ಸುಣ್ಣ ಬಳಿದಿರುತ್ತೇವೆ. ಸಭೆಯ ಹಿರಿಯರೊಬ್ಬರು ಗೇಟಿನಲ್ಲಿ ನಿಂತು, ಗೋರಿಗಳ ಕಡೆ ಮುಖ ಮಾಡಿ, "ಕರ್ತನು ಎದ್ದಿದ್ದಾನೆ" ಎಂದು ಕೂಗುತ್ತಾರೆ. ಅವರ ಬೆನ್ನ ಹಿಂದೆ ನಿಂತ ನಾವೆಲ್ಲ "ನಿಜವಾಗಿ ಎದ್ದಿದ್ದಾನೆ" ಎಂದು ಉತ್ತರ ಕೊಡಬೇಕು. ಹೀಗೆ ಮೂರು ಸಲ. ಉತ್ತರ ಬರದೆ ಎರಡನೆಯ ಸಲ ಕೂಗುವ ಹಾಗಿಲ್ಲ. ಮೂರೂ ಮುಗಿಯದೆ ಒಳಗೆ ಕಾಲಿಡುವ ಹಾಗಿಲ್ಲ, ಮೇಣದ ಬತ್ತಿ ಹಚ್ಚುವ ಹಾಗಿಲ್ಲ. ಬೇರೆ ಊರುಗಳಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ, ಇದು ನಮ್ಮೂರಿನ ಕಟ್ಟಳೆ. ಒಂದು ವರ್ಷ ಉತ್ತರದಲ್ಲಿ ನಿದ್ದೆ ಇದೆ ಎಂದು ನಮ್ಮ ಮಾವ ಸುಮ್ಮನೆ ನಿಂತುಬಿಟ್ಟಿದ್ದರು. ಎಲ್ಲರೂ ಕೆಮ್ಮಿ ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ ಹೇಳಿದ ಮೇಲೇ ಅವರು ಮುಂದುವರಿದದ್ದು. ಆರಾಧನೆ ಮುಗಿಸಿ ಮನೆಗೆ ಬಂದರೆ ಹಾಲು ಕರೆಯುವ ಹೊತ್ತಿಗೆ ಸರಿಯಾಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಚರ್ಚಿಗೆ ಹೊಸ ಅಯ್ಯನವರು, ಅಂದರೆ ಪಾದ್ರಿಗಳು, ಬಂದರು. ವಯಸ್ಸು ಚಿಕ್ಕದು, ಒಳ್ಳೆಯ ಮನುಷ್ಯ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಇಷ್ಟು ಕಡೆಯ ಸಭೆಗಳಿಗೂ ಅವರೊಬ್ಬರೇ, ಅವರಿಗೊಂದು ಬೈಕು. ಈಸ್ಟರ್ ದಿನ ಎಲ್ಲ ಊರಿಗೂ ಜಾವದಲ್ಲೇ ಹೋಗಲು ಅವರಿಗೇನು ರೆಕ್ಕೆ ಇದೆಯೇ? ಹಾಗಾಗಿ ಆ ವರ್ಷ, ಎಲ್ಲರೂ ಎಂಟು ಗಂಟೆಗೆ ಪಾಂಡವಪುರಕ್ಕೆ ಬನ್ನಿ, ಒಟ್ಟಿಗೆ ಆರಾಧನೆ, ಆಮೇಲೆ ಇಡ್ಲಿ ವಡೆ ಎಂದರು. ಇಡ್ಲಿ ಅಂದಕೂಡಲೇ ನಮ್ಮ ಚರ್ಚಿನ ಕಮಿಟಿಯವರು ತಲೆಯಾಡಿಸಿದರು. ಕಾರಣಗಳು ಆಮೇಲೆ ಹುಟ್ಟಿದವು. ಕಬ್ಬಿನಲ್ಲಿ ಚಿರತೆ ಸೇರಿದೆ, ಅರಣ್ಯ ಇಲಾಖೆಯವರು ಬೋನು ಇಟ್ಟಿದ್ದಾರೆ. ತೋಟದ ದಾರಿಯಲ್ಲಿ ಲಂಟಾನದ ಪೊದೆ ಬೆಳೆದಿದೆ. ಜಾವದಲ್ಲಿ ಮಕ್ಕಳು ಏಳುವುದಿಲ್ಲ. ನನ್ನ ಮಗ ಸುಂದರ ಆ ಕಮಿಟಿಯಲ್ಲಿದ್ದಾನೆ. ಶಾಲೆಯ ವ್ಯಾನು ಓಡಿಸುತ್ತಾನೆ. ಜನರನ್ನು ಪಾಂಡವಪುರಕ್ಕೆ ಕರೆದುಕೊಂಡು ಹೋಗಲು ಅವನ ವ್ಯಾನೇ ಗೊತ್ತಾಯಿತು. ಆ ಸಲ ಯಾರೂ ಸುಣ್ಣದ ಡಬ್ಬ ಮುಟ್ಟಲಿಲ್ಲ.

ಹಿಂದೆ ಎಷ್ಟೋ ವಿಷಯಕ್ಕೆ ನಾನು ಸುಮ್ಮನಿದ್ದೇನೆ. ಇದಕ್ಕೆ ಆಗಲಿಲ್ಲ. ಯಾರನ್ನಾದರೂ ಮಣ್ಣು ಮಾಡುವ ದಿನ ಬಿಟ್ಟರೆ, ಆ ತೋಟಕ್ಕೆ ನಮ್ಮ ಜನ ಹೋಗುವುದು ವರ್ಷಕ್ಕೆ ಆ ಒಂದು ಬೆಳಿಗ್ಗೆ. ಅದು ನಿಂತರೆ ಸುಣ್ಣ ನಿಂತಿತು. ಸುಣ್ಣ ನಿಂತರೆ ಬೇಲಿ ಬಿತ್ತು. ಬೇಲಿ ಬಿದ್ದರೆ ಪಕ್ಕದ ಕಬ್ಬು ಒಳಗೆ ಬಂತು. ಯಾರೂ ಬೇಕೆಂದು ಮಾಡುವುದಿಲ್ಲ, ಗದ್ದೆಯ ಬುದ್ಧಿಯೇ ಹಾಗೆ. ಅಲ್ಲಿ ನನ್ನ ಅತ್ತೆ ಮಾವ ಇದ್ದಾರೆ, ಯಜಮಾನರಿದ್ದಾರೆ. ಸುಂದರನಿಗಿಂತ ಮುಂಚೆ ಹುಟ್ಟಿ, ಹೆಸರಿಡುವ ಮೊದಲೇ ಹೋದ ಒಂದು ಹೆಣ್ಣುಮಗು ಇದೆ. ಆಗ ಕಲ್ಲು ಹಾಕಿಸುವ ಶಕ್ತಿ ನಮಗಿರಲಿಲ್ಲ. ಮಗು ಇರುವ ಜಾಗ ಆ ಈಸ್ಟರ್‌ವರೆಗೆ ಬದುಕಿರುವವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಮೊದಲ ಈಸ್ಟರ್ ದಿನ ಕರ್ತನ ಸಮಾಧಿಗೆ ಹೋದವರು ಹೆಂಗಸರು, ಬಾಗಿಲಿನ ಕಲ್ಲು ಉರುಳಿಸುವವರು ಯಾರೆಂದು ಗೊತ್ತಿಲ್ಲದೆಯೇ ಹೊರಟರು, ಗಂಡಸರು ಒಳಗೆ ಅಗುಳಿ ಹಾಕಿಕೊಂಡು ಕೂತಿದ್ದರು ಎಂದು ಕಮಿಟಿಯ ಮುಂದೆ ಹೇಳಿದೆ. ಇಡ್ಲಿಯ ತೀರ್ಮಾನ ಬದಲಾಗಲಿಲ್ಲ.

ಶನಿವಾರ ಸಂಜೆ ಸುಂದರನಿಗೆ ಹೇಳಿದೆ: "ನಾನ್ ನಿನ್ ವ್ಯಾನ್ ಅತ್ತಾಕಿಲ್ಲ. ಜಾವಕ್ಕೆ ತೋಟಕ್ಕೋಯ್ತೀನಿ."

"ಒಬ್ಳೇನಾ? ಚಿರತೆ ಅದೆ ಕಣವ್ವ."

"ನನ್ ಮೈಯಾಗೆ ಅದ್ಕೆ ಸಿಕ್ಕೋದೇನ್ಲಾ? ಈ ಮೂಳೆ ಕಚ್ಚುದ್ರೆ ಅದ್ರದೇ ಅಲ್ಲು ಮುರೀತದೆ."

"ತಮಾಸೆ ಆಡ್ಬ್ಯಾಡ. ಅಲ್ಲಿ ಉತ್ರ ಕೊಡಾಕೆ ಯಾರವ್ರೆ? ನೀನೊಬ್ಳೇ ಕೂಗ್ಬುಟ್ಟು ಕಂಬ ನಿಂತಂಗೆ ನಿಂತ್ಕತೀಯಾ?"

"ನಿಂತ್ಕತೀನಿ."

ಸೊಸೆ ಗ್ರೇಸಿ ಟಾರ್ಚಿಗೆ ಹೊಸ ಸೆಲ್ ಹಾಕಿ ನನ್ನ ತಲೆದಿಂಬಿನ ಪಕ್ಕ ಇಟ್ಟು ಹೋದಳು.

ಕೋಳಿ ಕೂಗುವಾಗ ಎದ್ದು ಹೊರಟೆ. ಹುಣ್ಣಿಮೆ ಈಚೆಗಷ್ಟೇ ಕಳೆದಿತ್ತು, ಪಡುವಣದಲ್ಲಿ ಇನ್ನೂ ಬೆಳದಿಂಗಳಿತ್ತು. ಟಾರ್ಚು ಹಚ್ಚುವ ಅಗತ್ಯ ಬೀಳಲಿಲ್ಲ. ನಾಲೆಗೆ ನೀರು ನಿಲ್ಲಿಸಿದ್ದರು, ಹಾಗಾಗಿ ನೀರಿನ ಸದ್ದಿಲ್ಲ, ಕಪ್ಪೆಗಳ ಗಲಾಟೆಯೂ ಇಲ್ಲ. ಗಾಳಿ ಬೀಸದೆ ಕಬ್ಬಿನ ಗರಿ ಕೂಡ ಅಲುಗುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆಮೇಲೆ ಜನ ಗಾಳಿಯ ಮೇಲೆ, ನೀರಿನ ಮೇಲೆ ಹೊರಿಸಲು ನೋಡಿದರು. ಚಿರತೆ ಕಾಣಲಿಲ್ಲ. ಬೋನಿನಲ್ಲಿ ಕಟ್ಟಿದ್ದ ನಾಯಿ ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು. ಲಂಟಾನಕ್ಕೆ ಸೀರೆ ಸಿಕ್ಕಿಕೊಂಡು ಅಂಚು ಹರಿಯಿತು.

ಗೇಟಿನಲ್ಲಿ ನಿಂತೆ. ಅಲ್ಲಿಯವರೆಗೆ ಹೆಂಗಸರು ಕೂಗಿದ್ದಿಲ್ಲ. ಆದರೆ ನನಗಿಂತ ಹಿರಿಯರು ನಮ್ಮ ಸಭೆಯಲ್ಲಿ ಉಳಿದಿಲ್ಲವಲ್ಲ, ಇನ್ನಾರು ಕೂಗಬೇಕು? ದನ ಅಟ್ಟಿದ ಗಂಟಲು ನನ್ನದು. "ಕರ್ತನು ಎದ್ದಿದ್ದಾನೆ" ಎಂದು ಗಟ್ಟಿಯಾಗಿ ಕೂಗಿದೆ.

ಸದ್ದಿಲ್ಲ. ಇರಬೇಕಾದ್ದೂ ಹಾಗೆಯೇ.

ಉತ್ತರವನ್ನೂ ನಾನೇ ಹೇಳಿಕೊಂಡು ಒಳಗೆ ಹೋಗಬಹುದಿತ್ತು, ನೋಡುವವರು ಯಾರಿದ್ದರು? ಅದು ಮೋಸ, ಮಾಡಲಿಲ್ಲ. ಬೆಳಕು ಹರಿದು ಜನ ವ್ಯಾನು ಹತ್ತಲು ರಸ್ತೆಗೆ ಬರುವವರೆಗೂ ಇಲ್ಲೇ ನಿಲ್ಲುತ್ತೇನೆ, ಉತ್ತರವಿಲ್ಲದೆ ನಿಂತ ಮುದುಕಿಯನ್ನು ನೋಡಿ ಅವರಿಗೆ ನಾಚಿಕೆಯಾಗಲಿ ಅಂದುಕೊಂಡೆ. ನನ್ನ ಎದೆಯಲ್ಲಿ ಆಗ ಭಕ್ತಿ ಇತ್ತೆಂದು ಹೇಳಿದರೆ ಸುಳ್ಳಾದೀತು. ಸಿಟ್ಟಿತ್ತು. ದೇವರನ್ನು ನಾನೇನೂ ಕೇಳಲಿಲ್ಲ.

ಎಷ್ಟು ಹೊತ್ತು ನಿಂತೆನೋ ತಿಳಿಯದು. ಮಂಡಿ ನೋವು ಶುರುವಾಗಿತ್ತು. ಆಗ ಉತ್ತರ ಬಂತು.

"ನಿಜವಾಗಿ ಎದ್ದಿದ್ದಾನೆ."

ಹಲವರ ಧ್ವನಿ. ಗಂಡಸರದ್ದು, ಹೆಂಗಸರದ್ದು ಬೆರೆತಿತ್ತು. ಜೋರಾಗೇನೂ ಇರಲಿಲ್ಲ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವ ಮುಂಚೆ ಮಾತಾಡಿದರೆ ಗಂಟಲು ಹೇಗೆ ಒರಟಾಗಿರುತ್ತದೋ ಹಾಗಿತ್ತು. ಎಲ್ಲರೂ ಒಟ್ಟಿಗೆ ಹೇಳಲಿಲ್ಲ, ಕೆಲವರದ್ದು ಹಿಂದೆ ಬಿತ್ತು. ಕಮಿಟಿಯವರೇ ಮನಸ್ಸು ಬದಲಾಯಿಸಿ ಬಂದರೇನೋ ಎಂದು ತಿರುಗಿ ನೋಡಿದೆ. ದಾರಿ ಖಾಲಿ. ಉತ್ತರವು ಕೂಗಿದವರ ಬೆನ್ನ ಹಿಂದಿನಿಂದ ಬರಬೇಕು. ಇದು ಎದುರಿನಿಂದ, ಗೋರಿಗಳ ಕಡೆಯಿಂದ ಬಂದಿತ್ತು ಎಂದು ಆಗ ಹೊಳೆಯಿತು.

ಹೆದರಿದೆಯಾ ಎಂದು ಎಲ್ಲರೂ ಕೇಳುತ್ತಾರೆ. ಹೆದರಿದೆ. ಗೇಟಿನ ಕಂಬಿ ಹಿಡಿದುಕೊಂಡೆ. ಓಡಬೇಕೆಂದರೂ ಈ ಮಂಡಿಯಲ್ಲಿ ಎಲ್ಲಿಗೆ ಓಡುವುದು? ಅಲ್ಲದೆ ಉತ್ತರ ಬಂದ ಮೇಲೆ ಎರಡನೆಯ ಸಲ ಕೂಗಲೇಬೇಕು. ಕೂಗಿದೆ. ಬಂತು. ಮೂರನೆಯ ಸಲ ಕೂಗಿದೆ. ಬಂತು. ಕಟ್ಟಳೆ ಮುಗಿಯಿತು, ಒಳಗೆ ಹೋದೆ. ಯಾರೂ ಇರಲಿಲ್ಲ. ಒಂದೊಂದು ಗೋರಿಗೂ ಬತ್ತಿ ಹಚ್ಚಿದೆ, ಕಲ್ಲಿಲ್ಲದ ಜಾಗದಲ್ಲೂ ಒಂದು. ಈಸ್ಟರ್ ಹಾಡನ್ನು ನಾನೊಬ್ಬಳೇ ಹಾಡಿದೆ, ಅದಕ್ಕೆ ಯಾರೂ ದನಿ ಸೇರಿಸಲಿಲ್ಲ. ಬೆಳಕು ಬಂದ ಮೇಲೆ ಮನೆಗೆ ಹೋಗಿ ಹಾಲು ಕರೆದೆ.

ವ್ಯಾನು ಮಧ್ಯಾಹ್ನ ಹಿಂದಿರುಗುವ ಹೊತ್ತಿಗೆ ಗ್ರೇಸಿಯಿಂದ ವಿಷಯ ಬೀದಿಗೆ ಹಬ್ಬಿತ್ತು. ಅವಳು ಕೇಳಿದ್ದು ಒಂದೇ ಮಾತು: "ಅತ್ತೆ, ಅದ್ರಲ್ಲಿ ಮಾವನ ದನಿ ಇತ್ತಾ?" ಇಲ್ಲ ಅಂದೆ. ಒಂದು ಧ್ವನಿಯನ್ನೂ ನಾನು ಗುರುತು ಹಿಡಿಯಲಿಲ್ಲ. ನಮ್ಮ ಯಜಮಾನರು ಬದುಕಿದ್ದಾಗಲೂ ಅಷ್ಟು ಬೇಗ ಏಳುತ್ತಿರಲಿಲ್ಲ.

ಕಮಿಟಿಯ ಅಧ್ಯಕ್ಷರು ನಮ್ಮ ಜಗಲಿಯ ಮೇಲೆ ಕೂತು ನಕ್ಕರು. "ಸತ್ತೋರೇ ಉತ್ರ ಕೊಡ್ತಾವ್ರೆ ಅಂದ್ಮೇಲೆ ಇನ್ನು ನಾವ್ಯಾಕ್ ಬರ್ಬೇಕಮ್ಮ?"

"ಅವ್ರು ಕೊಟ್ರು, ನೀವು ಕೊಡ್ನಿಲ್ಲ. ಅದುಕ್ಕೇ ಬರ್ಬೇಕು," ಅಂದೆ. ಅವರು ಕಾಫಿ ಕುಡಿಯದೆ ಎದ್ದು ಹೋದರು.

ಸುಂದರ ಪ್ರತಿಧ್ವನಿ ಅಂದ. ಪ್ರತಿಧ್ವನಿ ನಾವು ಆಡಿದ್ದನ್ನೇ ತಿರುಗಿಸಿ ಆಡುತ್ತದೆ, ನಾವು ಆಡದ ಮಾತನ್ನು ಎಲ್ಲಿಂದ ತರುತ್ತದೆ? ಆಮೇಲೆ, ನಾಲೆಗೆ ನೀರು ಬಿಡುವ ನೀರುಗಂಟಿ ನಿಂಗಣ್ಣ ಆಟ ಆಡಿಸಿರಬೇಕು ಅಂದ. ನಮ್ಮ ಪಕ್ಕದ ಬೀದಿಯವನು, ಹುಟ್ಟಿದಾಗಿನಿಂದ ನಮ್ಮ ಈಸ್ಟರ್ ಕೂಗು, ಉತ್ತರ ಕೇಳಿಕೊಂಡೇ ಬೆಳೆದವನು. ಹೋಗಿ ಕೇಳಿದೆ. "ನಿಮ್ ದೇವ್ರು ಎದ್ರೆ ನಾನ್ಯಾಕಕ್ಕ ಆ ಒತ್ನಲ್ಲಿ ಏಳ್ಳಿ, ನಾಲೇಲಿ ನೀರೇ ಇಲ್ದಾಗ?" ಅಂದ. ಅವನು ಹಿಂದಿನ ದಿನವೇ ಮಗಳ ಮನೆಗೆಂದು ಬೂಕನಕೆರೆಗೆ ಹೋಗಿ, ಅದೇ ತಾನೇ ಬಸ್ಸಿಳಿದು ಬಂದಿದ್ದ. ಅವನ ಹೆಂಡತಿ ತಾಯಿತ ಕಟ್ಟಿಸಿಕೊಳ್ಳಲು ಹೇಳಿದಳು. ಮುಂದೆ ಯಾವಾಗಲೋ ಅಯ್ಯನವರನ್ನು ಕೇಳಿದಾಗ, ಅದು ನಿಮ್ಮ ನಂಬಿಕೆಯ ಧ್ವನಿ ತಾಯಿ ಅಂದರು. ನಂಬಿಕೆಯಲ್ಲ, ಸಿಟ್ಟಿನಲ್ಲಿದ್ದೆ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಡಾಕ್ಟರು ಕಿವಿಗೆ ಬೆಳಕು ಬಿಟ್ಟು ನೋಡಿ ಚೆನ್ನಾಗಿದೆ ಅಂದರು. ಆಮೇಲೆ ಕೇಳುವುದನ್ನೇ ಬಿಟ್ಟೆ.

ಆದರೆ ಆ ಈಸ್ಟರ್ ಭಾನುವಾರದ ರಾತ್ರಿಯೇ ಊಟಕ್ಕೆ ಕೂತಾಗ ಸುಂದರ ಇನ್ನೊಂದು ಮಾತು ಆಡಿದ. "ಯಾರೋ ಒಬ್ರು ಗೋರಿ ಇಂದೆ ಕುಂತು ಕೂಗವ್ರೆ. ನಿಂಗೆ ಒಬ್ರು ಕೂಗಿದ್ದು ಅತ್ತು ಜನ ಕೂಗ್ದಂಗೆ ಕೇಳ್ಸ್ತು. ಬುಡವ್ವ ಅತ್ಲಾಗೆ."

ನಾನು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಅದೇ ಹೊತ್ತಿಗೆ ಅವನ ಹೊದಿಕೆ ಎಳೆದು ಎಬ್ಬಿಸಿದೆ. ಬೈದುಕೊಂಡೇ ಬಂದ. ದಾರಿಯುದ್ದಕ್ಕೂ ಕಬ್ಬಿನ ಕಡೆ ಟಾರ್ಚು ಬಿಟ್ಟುಕೊಂಡು ಬಂದ. ಅವನನ್ನು ಒಳಗೆ ಕಳಿಸಿ ನಾನು ಗೇಟಿನಲ್ಲಿ ನಿಂತೆ. ಮೊದಲು ಅವನಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿ ಕೂಗಿದೆ. ಕಾದೆ. ಏನೂ ಬರಲಿಲ್ಲ. ಆಮೇಲೆ ಅವನಿಗೆ ಗೋರಿಯ ಹಿಂದೆ ಕೂರು, ಉತ್ತರ ಕೊಡು ಎಂದು ಹೇಳಿ ಮತ್ತೆ ಕೂಗಿದೆ. ಕೊಟ್ಟ. ಒಬ್ಬನ ಧ್ವನಿ ಒಬ್ಬನದಾಗಿಯೇ ಕೇಳಿತು, ಅದೂ ಹೆದರಿದವನ ಧ್ವನಿ.

"ಇದಲ್ಲ ಕಣ್ಲಾ," ಅಂದೆ.

"ಇನ್ನೇನ್ ಅತ್ತು ಜನ ಕರ್ಕಬರ್ಲಾ?" ಎನ್ನುತ್ತಾ ಅವನು ಎದ್ದು ಬಯಲಿಗೆ ಬಂದು ನಿಂತ. "ಎಲ್ಲಿಂದವ್ವ ಬಂದುದ್ದು?"

ನಾನು ಉತ್ತರ ಕೊಡುವ ಮೊದಲು ಅವನ ಕಾಲು ನೋಡಿದೆ. "ಎರಡೆಜ್ಜೆ ಈಚೆ ಬಾರ್ಲಾ. ನಿಮ್ಮಕ್ಕನ ಮ್ಯಾಲೆ ನಿಂತಿದ್ದೀಯ."

ಅವನು ಬೆಂಕಿ ತುಳಿದವನ ಹಾಗೆ ಈಚೆ ಹಾರಿದ. ಬಗ್ಗಿ ನೆಲ ನೋಡಿದ. ಹಿಂದಿನ ದಿನದ ಮೇಣ ಅಲ್ಲಿ ಗಟ್ಟಿಯಾಗಿತ್ತು, ಬೇರೆ ಗುರುತಿಲ್ಲ. ಆಮೇಲೆ, "ಇಲ್ಲೇನಾ? ನಂಗೊತ್ತೇ ಇರ್ನಿಲ್ವಲ್ಲವ್ವ," ಅಂದ.

"ಈಗ್ ಗೊತ್ತಾಯ್ತಲ್ಲ," ಅಂದೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದ ಮಚ್ಚನ್ನು ತೆಗೆದು ಅವನ ಕೈಗೆ ಕೊಟ್ಟೆ. ಗೇಟಿನಿಂದ ರಸ್ತೆಯವರೆಗೆ ಆ ಲಂಟಾನ ಪೂರ್ತಿ ಕಡಿದು ಮುಗಿಸುವ ತನಕ ಅವನನ್ನು ವ್ಯಾನಿನ ಹತ್ತಿರ ಹೋಗಲು ಬಿಡಲಿಲ್ಲ.