ಗುಜರಿಯಲ್ಲಿ ಸಿಕ್ಕ ಹಸಿರು ದೀಪ

ದೆವ್ವ, ಪಿಶಾಚಿ, ಅಶರೀರವಾಣಿ ಇಂಥವುಗಳ ಮಾತು ಬಂದಾಗ ನಗುವವರ ಗುಂಪಿನಲ್ಲಿ ನಾನೇ ಮೊದಲಿಗ. ಯಾರಾದರೂ ತಾವು ಕಂಡದ್ದು, ಕೇಳಿದ್ದು ಎಂದು ಶುರುಮಾಡಿದರೆ ಸಾಕು, "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಬಿಡಿ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನಾನು ತಾಯಿತ ಕಟ್ಟಿಕೊಂಡವನಲ್ಲ, ಮಂತ್ರವಾದಿಗಳ ಮನೆ ಬಾಗಿಲು ತುಳಿದವನೂ ಅಲ್ಲ. ಆದರೆ ಅರವತ್ತರ ದಶಕದ ನಡುವೆ ಜಯನಗರದ ನಮ್ಮ ಮನೆಯಲ್ಲಿ ಒಂದು ಸಂಜೆ ನಡೆದದ್ದನ್ನು ಯಾವ ಕಾಗೆಯ ತಲೆಗೂ ಕಟ್ಟಲು ನನ್ನಿಂದ ಆಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಮೊದಲು ನನ್ನ ಚಟದ ವಿಷಯ ಹೇಳಿಬಿಡಬೇಕು. ಕೆಲವರಿಗೆ ಇಸ್ಪೀಟು, ಕೆಲವರಿಗೆ ಕುದುರೆ, ನನಗೆ ಗುಜರಿ. ಭಾನುವಾರ ಬೆಳಗ್ಗೆ ಕಾಫಿ ಕುಡಿದವನೇ ಬಸ್ಸು ಹಿಡಿದು ಪೇಟೆಗೆ ಹೋಗಿ, ಬೀದಿಯಲ್ಲಿ ಗೋಣಿತಾಟು ಹಾಸಿ ಹಳೇ ಸಾಮಾನು ಹರಡಿಕೊಂಡವರ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಿದ್ದೆ. ಮುಳ್ಳಿಲ್ಲದ ಗಡಿಯಾರ, ಕಿವಿ ಮುರಿದ ಹಿತ್ತಾಳೆ ಕೊಳಗ, ಯಾರದೋ ತಾತನ ಕನ್ನಡಕದ ಡಬ್ಬಿ, ಯಾವುದೂ ನನಗೆ ಬೇಡವಾದದ್ದಲ್ಲ. ನನ್ನ ಹೆಂಡತಿ ಶಾರದಾ ನನಗೆ "ಗುಜರಿ ರಾಯರು" ಎಂದೇ ಹೆಸರಿಟ್ಟಿದ್ದಳು. ನಾನು ಚೀಲ ಹಿಡಿದು ಗೇಟು ತೆರೆದರೆ, "ಬಂತು ನೋಡು ಇನ್ನೊಂದು ಅನಾಥ ಮಗು" ಎಂದು ಒಳಗಿನಿಂದಲೇ ಹೇಳುತ್ತಿದ್ದಳು. ತಮಾಷೆಯಾಗಿಯೇ ಹೇಳುತ್ತಿದ್ದಳು, ಆದರೂ ನನಗೆ ಎಲ್ಲೋ ಚುಚ್ಚುತ್ತಿತ್ತು. ನಮಗೆ ಮಕ್ಕಳಿರಲಿಲ್ಲ. ಎರಡು ಬಾರಿ ಬಸಿರು ನಿಂತು, ನಾಲ್ಕೈದು ತಿಂಗಳಿಗೆ ಹೋಗಿಬಿಟ್ಟಿತ್ತು.

ಕಂಪನಿಯವರು ತರಬೇತಿಗೆಂದು ನನ್ನನ್ನು ಕೆಲವು ತಿಂಗಳು ಲಂಡನ್ನಿಗೆ ಕಳಿಸಿದ್ದರು. ಜೊತೆಗೆ ಬಂದವರೆಲ್ಲ ಅರಮನೆ, ಗಡಿಯಾರದ ಗೋಪುರ ನೋಡಿಕೊಂಡು ಬಂದರು. ನಾನು ಅಲ್ಲಿಯ ಗುಜರಿ ನೋಡಿಕೊಂಡು ಬಂದೆ. ಕೋಟು ಹ್ಯಾಟು ಹಾಕಿಕೊಂಡಿದ್ದರು ಅನ್ನುವುದು ಬಿಟ್ಟರೆ ಅವರೂ ನಮ್ಮವರೇ. ಬೆಲೆ ಕೇಳಿ ಎದ್ದು ನಾಲ್ಕು ಹೆಜ್ಜೆ ನಡೆದರೆ ಅಲ್ಲಿಯೂ ಹಿಂದಿನಿಂದ ಕೂಗಿ ಕರೆಯುತ್ತಿದ್ದರು. ಅಲ್ಲೊಂದು ಕಡೆ ಹಿತ್ತಾಳೆ ಬುಡದ, ಹಸಿರು ಗಾಜಿನ ಕೊಡೆಯಿದ್ದ ಸೀಮೆಎಣ್ಣೆಯ ಮೇಜುದೀಪ ನೋಡಿ ಆಸೆಪಟ್ಟಿದ್ದೆ. ಹಡಗಿನಲ್ಲಿ ಒಡೆದುಹೋಗುತ್ತದೆಂದು ಬಿಟ್ಟು ಬಂದೆ. ಊರಿಗೆ ಬಂದ ಮೇಲೆ ಬಹಳ ದಿನ ಅದೇ ಕೊರಗು.

ಅದರ ಒಡಹುಟ್ಟಿನಂಥ ದೀಪ ನಮ್ಮ ಪೇಟೆಯ ಬೀದಿಯಲ್ಲೇ ಸಿಕ್ಕಿತು. ಅಲ್ಲಿ ಕೂರುತ್ತಿದ್ದ ಸಾಬರೊಬ್ಬರ ಸೈಕಲ್ ಪೆಡಲ್ಲುಗಳ ರಾಶಿಯ ಹಿಂದೆ ಮಸಿ ಹಿಡಿದು ಬಿದ್ದಿತ್ತು. ಗಾಜಿನ ಕೊಡೆಯಲ್ಲಿ ಸಣ್ಣ ಬಿರುಕು ಕೂಡ ಇರಲಿಲ್ಲ. ಹುಣಸೇಹಣ್ಣು, ಬೂದಿ ಹಾಕಿ ನಾನೇ ಉಜ್ಜಿದೆ. ತಿರುಪು ಬಿಚ್ಚಿ, ಎಣ್ಣೆ ಬಿಟ್ಟು, ಹೊಸ ಬತ್ತಿ ಏರಿಸಿದೆ. ಎಲ್ಲ ಸೀಮೆಎಣ್ಣೆ ದೀಪಗಳಂತೆ ಇದರಲ್ಲೂ ತಿರುಪನ್ನು ಬಲಕ್ಕೆ ತಿರುಗಿಸಿದರೆ ಬತ್ತಿ ಏರುತ್ತಿತ್ತು, ಎಡಕ್ಕೆ ತಿರುಗಿಸಿದರೆ ಇಳಿಯುತ್ತಿತ್ತು. ಆ ವಾರವೆಲ್ಲ ಮಗುವಿನ ಹಾಗೆ ಅದರ ಜೊತೆ ಆಡಿದ್ದೆ. ಹಾಗಾಗಿ ಅದರ ತಿರುಪು ನನ್ನ ಕೈಗೆ ಚೆನ್ನಾಗಿ ಗೊತ್ತಿತ್ತು.

ಆ ಹೊತ್ತಿಗೆ ಶಾರದಾಗೆ ಮತ್ತೆ ಬಸಿರು ನಿಂತಿತ್ತು, ಈ ಬಾರಿ ಎಂಟನೇ ತಿಂಗಳಿಗೆ ಬಿದ್ದಿತ್ತು. ಏಳಬಾರದು, ಭಾರ ಎತ್ತಬಾರದು ಎಂದು ಲೇಡಿ ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ನಂಜನಗೂಡಿನಿಂದ ನಮ್ಮ ಅತ್ತೆ ಬಂದು ನಿಂತಿದ್ದರು. ಮನೆಯಲ್ಲಿ ಯಾರೂ ಮಗುವಿನ ಮಾತು ಆಡುತ್ತಿರಲಿಲ್ಲ, ಎಲ್ಲರೂ ಅದನ್ನೇ ಯೋಚಿಸುತ್ತಿದ್ದೆವು. ಇದೂ ಹೋದರೆ ಅವಳು ಉಳಿಯುವುದಿಲ್ಲ ಎಂಬ ಹೆದರಿಕೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಅವತ್ತೂ ಭಾನುವಾರವೇ. ಸೂರ್ಯ ಮುಳುಗುತ್ತಲೇ ಕರೆಂಟು ಹೋಯಿತು. ನಮ್ಮ ಬ್ಲಾಕಿನಲ್ಲಿ ಆಗ ಅದೇನೂ ಹೊಸದಲ್ಲ. ಶಾರದಾ ಮಧ್ಯಾಹ್ನದಿಂದ ಮಲಗಿಯೇ ಇದ್ದಳು. ದೀಪ ಹಚ್ಚುವ ಹೊತ್ತಿನಲ್ಲಿ ಮಲಗಬಾರದೆಂದು ಅತ್ತೆ ಗೊಣಗಿದರೂ, ನಿದ್ದೆ ಬಂದಿದ್ದರೆ ಬರಲಿ ಎಂದು ನಾನೇ ತಡೆದೆ. ಹಸಿರು ದೀಪವನ್ನು ಮೊದಲ ಸಲ ಅವಳ ಕೋಣೆಯ ಗೂಡಿನಲ್ಲಿ ಹಚ್ಚಿಟ್ಟು, ಕಣ್ಣಿಗೆ ಹೊಡೆಯದ ಹಾಗೆ ಸಣ್ಣಗೆ ಮಾಡಿದೆ. ಅತ್ತೆ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನಾನು ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದು, ಹಾಲಿನಲ್ಲಿ ಮೇಣದಬತ್ತಿ ಹಚ್ಚಿಕೊಂಡು ಒಂದು ಹಳೇ ಬೀಗವನ್ನು ರಿಪೇರಿ ಮಾಡುತ್ತ ಕೂತೆ.

ಆಗ ಕೋಣೆಯಿಂದ ಮಾತು ಕೇಳಿಸಿತು.

"ದೀಪ ದೊಡ್ಡದು ಮಾಡಪ್ಪ."

ವಯಸ್ಸಾದ ಹೆಂಗಸಿನ ದನಿ. ಜೋರಿಲ್ಲ, ಗಡಸಿಲ್ಲ, ಮನೆಯ ಹಿರಿಯರು ಹೇಳುವ ಹಾಗೆಯೇ ಇತ್ತು. ನಮ್ಮ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಮಗಳ ಕಣ್ಣಿಗೆ ಬೆಳಕು ಬೀಳುತ್ತಿದೆ, ಆರಿಸಿಬಿಡು ಅನ್ನುತ್ತಿದ್ದಾರೆ ಎಂದುಕೊಂಡು ನಾನು ಎದ್ದು ಹೋದೆ. ಮಬ್ಬಿನಲ್ಲಿ ಕುರ್ಚಿಯ ಕಡೆ ನೋಡಲಿಲ್ಲ. ನೇರವಾಗಿ ಗೂಡಿನ ಹತ್ತಿರ ಹೋಗಿ, ಬತ್ತಿ ಇಳಿಸಲು ತಿರುಪನ್ನು ಎಡಕ್ಕೆ ತಿರುಗಿಸಿದೆ.

ಬತ್ತಿ ಇಳಿಯಲಿಲ್ಲ. ಭಗ್ಗೆಂದು ಏರಿತು. ಚಿಮಣಿಯ ತುದಿಯವರೆಗೆ ಉರಿ ಎದ್ದು ಇಡೀ ಕೋಣೆ ಬೆಳಗಿತು. ಬೆಚ್ಚಿ ಹಿಂದಕ್ಕೆ ಸರಿದೆ. ಕುರ್ಚಿ ಖಾಲಿಯಾಗಿತ್ತು. ಮಂಚದ ಮೇಲೆ ಶಾರದಾಳ ಮುಖ ಸುಣ್ಣದ ಹಾಗೆ ಬೆಳ್ಳಗಿತ್ತು. ಹೊದಿಕೆಯ ಅಂಚಿನಿಂದ ನೆಲಕ್ಕೆ ರಕ್ತ ತೊಟ್ಟಿಕ್ಕುತ್ತಿತ್ತು. ಕೂಗಿದೆ, ಕೆನ್ನೆ ತಟ್ಟಿದೆ, ಅವಳಿಗೆ ಎಚ್ಚರವಿರಲಿಲ್ಲ.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ನನ್ನ ಕೂಗಿಗೆ ಎದುರುಮನೆಯ ನಿವೃತ್ತ ಇಂಜಿನಿಯರು ಪಂಚೆಯಲ್ಲೇ ಓಡಿ ಬಂದು ತಮ್ಮ ಹಳೇ ಕಾರು ತೆಗೆದರು. ಅವರ ಹಿಂದೆಯೇ, ಅವರ ಮನೆಯಿಂದಲೇ, ಕೈಯಲ್ಲಿ ಅರಿಶಿನ ಕುಂಕುಮದ ಎಲೆಯಡಿಕೆ ಹಿಡಿದುಕೊಂಡು ನಮ್ಮ ಅತ್ತೆ ಬಂದರು. ಅದನ್ನು ನೋಡಿದರೂ ನನ್ನ ತಲೆಗೆ ಆಗ ಏನೂ ಹೊಳೆಯಲಿಲ್ಲ. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು ಮಗು. ಅಂಗೈ ಅಗಲವಿದ್ದರೂ ಉಸಿರಿತ್ತು, ಸಿಟ್ಟೂ ಇತ್ತು. ಬೆಳಗಾದ ಮೇಲೆ ಡಾಕ್ಟರು ಹೊರಗೆ ಬಂದು ಹೇಳಿದರು, "ನೋವೇ ಇಲ್ದೆ ರಕ್ತ ಹೋಗ್ಬಿಡತ್ತೆ, ನಿದ್ದೆಯಲ್ಲಿ ಗೊತ್ತೂ ಆಗಲ್ಲ. ಇನ್ನು ಸ್ವಲ್ಪ ತಡ ಆಗಿದ್ರೆ ಇಬ್ಬರೂ ಇರ್ತಿರಲಿಲ್ಲ. ನೀವು ಹೆಂಗೆ ನೋಡಿದ್ರಿ?"

ನಾನು ಅತ್ತೆಯವರ ಕಡೆ ಕೈ ತೋರಿಸಿ, ಇವರು ದೀಪ ಆರಿಸಲು ಕರೆದರು, ಹೋದೆ ಎಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು.

"ನಾನೆಲ್ಲಿ ಕರೆದೆ? ನೀವು ಹಿತ್ತಲಲ್ಲಿದ್ದಾಗ ಎದುರುಮನೆಗೆ ಹೋಗಿ ಬರ್ತೀನಿ ಅಂತ ಹೇಳಿ ಹೋದೆನಲ್ಲ?"

ನೀರು ಸುರಿಯುವ ಸದ್ದಿನಲ್ಲಿ ನನಗೆ ಅದು ಕೇಳಿಸಿರಲಿಲ್ಲ. ನನ್ನ ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೆಯೇ ಹೇಳಿದೆ. ಅವರು, "ಅಳಿಯಂದಿರನ್ನ ನಾನು ಯಾವತ್ತಾದ್ರೂ ಏಕವಚನದಲ್ಲಿ ಮಾತಾಡ್ಸಿದ್ದೀನಾ?" ಎಂದರು. ನಿಜ. ನನಗೇ ಮುಜುಗರವಾಗುವಷ್ಟು ಬಹುವಚನ ಅವರದು. ಮಾಡಿ ಎನ್ನುತ್ತಿದ್ದರು, ಮಾಡಪ್ಪ ಎಂದು ಅವರ ಬಾಯಲ್ಲಿ ಬರುವುದು ಸಾಧ್ಯವೇ ಇರಲಿಲ್ಲ. ಶಾರದಾ ಮಾತಾಡುವ ಸ್ಥಿತಿಯಲ್ಲೇ ಇರಲಿಲ್ಲ. ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ.

ಮನೆಗೆ ಬಂದು ದೀಪವನ್ನು ಪರೀಕ್ಷೆ ಮಾಡಿದೆ. ತಿರುಪು ಬಲಕ್ಕೆ ತಿರುಗಿದರೆ ಬತ್ತಿ ಏರಿತು, ಎಡಕ್ಕೆ ತಿರುಗಿದರೆ ಇಳಿಯಿತು. ಹತ್ತಾರು ಸಲ ನೋಡಿದೆ, ಒಂದು ಸಲವೂ ತಪ್ಪಲಿಲ್ಲ. ಗಾಬರಿಯಲ್ಲಿ ನನ್ನ ಕೈಯೇ ತಪ್ಪಿತು ಎನ್ನೋಣವೆಂದರೆ, ತಿರುಪು ಮುಟ್ಟುವಾಗ ನನಗೆ ಗಾಬರಿಯೇ ಇರಲಿಲ್ಲ. ಮುಂದಿನ ಭಾನುವಾರ ಸಾಬರ ಹತ್ತಿರ ಹೋಗಿ ಆ ದೀಪ ಯಾರ ಮನೆಯದು ಎಂದು ವಿಚಾರಿಸಿದೆ. ಅವರು ಬೀಡಿ ಹಚ್ಚಿಕೊಂಡು, "ಮೂಟೇಲಿ ಬಂತು ಸಾರ್. ಗುಜರಿಗೆ ಬಂದಿದ್ದಕ್ಕೆ ಊರು ಯಾವುದು, ಮನೆ ಯಾವುದು? ಯಾಕೆ, ಸರಿಯಾಗಿ ಉರೀತಿಲ್ವಾ?" ಎಂದರು. ಉರಿಯುತ್ತಿದೆ ಎಂದು ಹೇಳಿ ಎದ್ದು ಬಂದೆ.

ತಾಯಿ ಮಗು ಮನೆಗೆ ಬಂದ ಮೇಲೆ ಈ ದೀಪದ ಸಲುವಾಗಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು. ಅತ್ತೆಗೆ ಅದು ಮನೆಯಲ್ಲಿರುವುದೇ ಬೇಡ. "ದೊಡ್ಡದು ಮಾಡು ಅಂದ್ರೆ ಏನು ಅಂತ ನಮಗೆ ಗೊತ್ತಿಲ್ವಾ? ಆರಿಸು ಅಂತ ತಾನೇ ಅದು ಹೇಳಿದ್ದು. ಯಾವ ದೀಪ ಆರಿಸು ಅಂತ ಹೇಳ್ತೋ, ಯಾರಿಗೆ ಗೊತ್ತು?" ಎನ್ನುತ್ತಿದ್ದರು. ಶಾರದಾ ಮಗುವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. "ದೊಡ್ಡದು ಮಾಡು ಅಂತು, ದೊಡ್ಡದಾಯ್ತು. ನಾವಿಬ್ರೂ ಇಲ್ಲಿದ್ದೀವಿ. ಇನ್ನೇನಮ್ಮಾ ಬೇಕು ನಿಂಗೆ?" ಎಂದಳು. ಒಂದೇ ಮಾತಿಗೆ ತಾಯಿ ಒಂದು ಅರ್ಥ ಮಾಡಿದರು, ಮಗಳು ಇನ್ನೊಂದು. ದೀಪ ಮನೆಯಲ್ಲೇ ಉಳಿಯಿತು.

ಮಗಳ ಹುಟ್ಟುಹಬ್ಬದ ಸಂಜೆ ಮಾತ್ರ ಶಾರದಾ ಅದನ್ನು ಹಚ್ಚುತ್ತಾಳೆ. ಊಟವಾಗಿ, ಹಾಸಿಗೆ ಹಾಸಿ, ಮಲಗುವ ಹೊತ್ತಾದರೂ ಆ ತಿರುಪನ್ನು ನಾನೂ ಮುಟ್ಟುವುದಿಲ್ಲ, ಅವಳೂ ಮುಟ್ಟುವುದಿಲ್ಲ. ಸೀಮೆಎಣ್ಣೆ ತೀರಿ ತಾನಾಗಿ ಶಾಂತವಾಗಲಿ ಎಂದು ಬಿಟ್ಟುಬಿಡುತ್ತೇವೆ. ಅದರ ಮುಂದೆ ಮಗಳನ್ನು ಕೂರಿಸಿ ಶಾರದಾ ಆರತಿ ಎತ್ತುವಾಗ ಪ್ರತಿ ವರ್ಷ ನಾನು ಕೈ ಜೋಡಿಸುತ್ತೇನೆ. ಅವತ್ತು ನನ್ನನ್ನು ಕರೆದ ದನಿಗೆ ಕೈ ಮುಗಿಯಬೇಕೋ, ಅದರ ಮಾತು ಮೀರಿ ಉರಿದ ದೀಪಕ್ಕೆ ಮುಗಿಯಬೇಕೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.